ಸೋತ ಕೋಚ್‌ಗೆ ಏಳನೆಯ ವರ್ಷ

1992ರ ಅಕ್ಟೋಬರ್ 31, ಶನಿವಾರ. ಅಮೆರಿಕದ ನ್ಯೂಜೆರ್ಸಿಯಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ವಿರುದ್ಧ ವರ್ಜೀನಿಯಾ ಟೆಕ್‌ನ ಫುಟ್‌ಬಾಲ್ ತಂಡ 49-44ರಿಂದ ಮುಂದಿತ್ತು. ಉಳಿದಿದ್ದು ಒಂದೇ ಒಂದು ಆಟ. ಗಡಿಯಾರ ಸೊನ್ನೆಗೆ ಬರುತ್ತಿದ್ದಂತೆ ರಟ್ಗರ್ಸ್ ಹುಡುಗನೊಬ್ಬ ಎಸೆದ ಚೆಂಡನ್ನು ಅಂಕಣದ ತುದಿಯಲ್ಲಿ ಇನ್ನೊಬ್ಬ ಹಿಡಿದ. ಆರು ಅಂಕ. ಪಂದ್ಯ 50-49ರಲ್ಲಿ ಮುಗಿಯಿತು.

ಸೋತವರ ಕೋಚ್ ಫ್ರಾಂಕ್ ಬೀಮರ್. ಅದು ಅವರ ಆರನೆಯ ವರ್ಷ. ಆ ಋತುವಿನ 11 ಪಂದ್ಯಗಳಲ್ಲಿ ಅವರ ತಂಡ ಗೆದ್ದದ್ದು ಎರಡು, ಸಮ ಮಾಡಿಕೊಂಡದ್ದು ಒಂದು, ಉಳಿದ ಎಂಟೂ ಸೋಲು. ರಟ್ಗರ್ಸ್ ಪಂದ್ಯವೊಂದೇ ಅಲ್ಲ, ಇನ್ನೂ ಹಲವು ಪಂದ್ಯಗಳಲ್ಲಿ ಕೊನೆಯ ಕಾಲುಭಾಗದವರೆಗೆ ಮುಂದಿದ್ದು ಆಮೇಲೆ ಕೈಚೆಲ್ಲಿದ್ದರು. ಇವರನ್ನು ಇನ್ನೂ ಏಕೆ ಇಟ್ಟುಕೊಂಡಿದ್ದೀರಿ ಎಂದು ಅಭಿಮಾನಿಗಳು ಕೇಳತೊಡಗಿದ್ದರು. ಕೇಳಿದ್ದು ತಪ್ಪು ಎನ್ನುವಂತಿರಲಿಲ್ಲ. ಆರು ವರ್ಷಗಳ ಒಟ್ಟು ಲೆಕ್ಕ 24 ಗೆಲುವು, 40 ಸೋಲು, 2 ಸಮ.

ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಮೈದಾನಗಳ ಕಾಲ್ಚೆಂಡಲ್ಲ. ಎರಡೂ ತುದಿ ಚೂಪಾದ ಚೆಂಡು, ತಲೆಗೆ ಹೆಲ್ಮೆಟ್, ಹೆಗಲಿಗೆ ದಪ್ಪ ಕವಚ, ತಂಡಕ್ಕೆ ಹನ್ನೊಂದು ಜನ, ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕಾದ ಆಟ. ಅಮೆರಿಕದಲ್ಲಿ ಕಾಲೇಜು ತಂಡಗಳ ಪಂದ್ಯಕ್ಕೂ ಐವತ್ತು ಸಾವಿರ, ಒಂದು ಲಕ್ಷ ಜನ ಸೇರುತ್ತಾರೆ. ವರ್ಜೀನಿಯಾ ಟೆಕ್ 1872ರಲ್ಲಿ ಕೃಷಿ ಮತ್ತು ತಾಂತ್ರಿಕ ಶಿಕ್ಷಣಕ್ಕಾಗಿ ಹುಟ್ಟಿದ ಸಂಸ್ಥೆ. ಎಂ.ಎಸ್. ಮಾಡಲು ಹೊರಡುವ ನಮ್ಮ ಎಂಜಿನಿಯರಿಂಗ್ ಹುಡುಗರಿಗೆ ಆ ಹೆಸರು ಪರಿಚಿತ. ಅದಿರುವ ಬ್ಲ್ಯಾಕ್ಸ್‌ಬರ್ಗ್ ಬೆಟ್ಟಗಳ ನಡುವಿನ ಸಣ್ಣ ಊರು. ಅಂಥ ಊರಿನಲ್ಲಿ ಶನಿವಾರದ ಪಂದ್ಯವೆಂದರೆ ಜಾತ್ರೆಯೇ. ತೇರು ಪ್ರತಿ ಸಲವೂ ನಡುಬೀದಿಯಲ್ಲಿ ನಿಂತುಬಿಟ್ಟರೆ ಊರವರಿಗೆ ಏನನ್ನಿಸೀತು?

ಬೀಮರ್ ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿ, ಅದೇ ತಂಡದ ಹಳೆಯ ಆಟಗಾರ. ಏಳನೆಯ ವಯಸ್ಸಿನಲ್ಲಿ ಪೆಟ್ರೋಲ್ ಡಬ್ಬಿಗೆ ಬೆಂಕಿ ತಗುಲಿ ಮುಖ, ಕುತ್ತಿಗೆ, ಎದೆ ಸುಟ್ಟುಕೊಂಡು, ಹತ್ತಾರು ಸಲ ಚರ್ಮದ ಕಸಿಗೆ ಒಳಗಾದವರು. ಆ ಗುರುತು ಮುಖದ ಮೇಲೆ ಉಳಿಯಿತು. 1986ರ ಕೊನೆಯಲ್ಲಿ ಅವರನ್ನು ಕೋಚ್ ಆಗಿ ಕರೆದಾಗ ತಂಡ ಮೇಲ್ನೋಟಕ್ಕೆ ಚೆನ್ನಾಗಿಯೇ ಇತ್ತು. ಆದರೆ ಹಿಂದಿನವರ ಕಾಲದಲ್ಲಿ ನಿಯಮ ಮೀರಿ ಆಟಗಾರರಿಗೆ ವಿದ್ಯಾರ್ಥಿವೇತನ ಹಂಚಲಾಗಿತ್ತು. ಅದಕ್ಕೆ ಶಿಕ್ಷೆ ಬಂದದ್ದು ಬೀಮರ್ ಬಂದ ಮೇಲೆ. ಹೊಸ ಆಟಗಾರರ ಸೇರ್ಪಡೆಗೆ ಕತ್ತರಿ ಬಿತ್ತು. ಸಾಲ ಮಾಡಿದವರು ಒಬ್ಬರು, ತೀರಿಸುವವರು ಇನ್ನೊಬ್ಬರು ಎಂಬಂತಾಯಿತು. 1987ರಲ್ಲಿ ಎರಡು ಗೆಲುವು, 1988ರಲ್ಲಿ ಮೂರು.

ಕಾಲೇಜು ತಂಡವೊಂದನ್ನು ಕಟ್ಟಲು ಎಷ್ಟು ಕಾಲ ಬೇಕು ಎಂಬ ಪ್ರಶ್ನೆಗೆ ಆಗಿನ ನಿಯಮಗಳಲ್ಲೇ ಉತ್ತರವಿತ್ತು. ಕೋಚ್ ಬಂದ ವರ್ಷ ಮೈದಾನಕ್ಕಿಳಿಯುವವರು ಹಿಂದಿನ ಕೋಚ್ ಆರಿಸಿದ ಹುಡುಗರು. ಹೊಸಬರು ಆರಿಸಿದ ಹದಿನೆಂಟರ ಹುಡುಗ ಮೊದಲ ವರ್ಷ ಬಹುತೇಕ ಪಕ್ಕದ ಬೆಂಚಿನ ಮೇಲೆಯೇ ಕಳೆಯುತ್ತಾನೆ. ಐದು ವರ್ಷದ ಅವಧಿಯಲ್ಲಿ ನಾಲ್ಕು ಋತು ಆಡಬಹುದೆಂಬುದು ನಿಯಮ. ಅವನ ಎಲುಬು, ಸ್ನಾಯು, ಆಟದ ತಿಳಿವಳಿಕೆ ಇವೆಲ್ಲ ಬಲಿಯುವುದು ಮೂರನೆಯ, ನಾಲ್ಕನೆಯ ವರ್ಷಕ್ಕೆ. ಹಾಗಾಗಿ ಇವತ್ತು ಹುಡುಗರನ್ನು ಆರಿಸುವಲ್ಲಿ ಆದ ಕೊರತೆ ಫಲಿತಾಂಶದಲ್ಲಿ ಕಾಣಿಸುವುದು ಮೂರು ನಾಲ್ಕು ವರ್ಷ ಬಿಟ್ಟು. ಇವತ್ತು ಮಾಡಿದ ಒಳ್ಳೆಯ ಕೆಲಸವೂ ಅಷ್ಟೇ ತಡವಾಗಿ ಕಾಣುತ್ತದೆ. ತೆಂಗಿನ ಸಸಿ ನೆಟ್ಟವನು ನಾಲ್ಕು ತಿಂಗಳಿಗೆ ರಾಗಿಯ ತೆನೆ ಹುಡುಕಿದರೆ ಸಸಿಯ ತಪ್ಪೇನು?

ಎರಡನೆಯ ತೊಡಕು ಪಂದ್ಯಗಳ ಸಂಖ್ಯೆಯದು. ಕ್ರಿಕೆಟ್ ತಂಡ ವರ್ಷವಿಡೀ ಆಡುತ್ತದೆ. ಈ ಆಟದಲ್ಲಿ ಆಗ ಇಡೀ ವರ್ಷಕ್ಕೆ ಇದ್ದದ್ದು 11 ಪಂದ್ಯ. ಹನ್ನೊಂದು ಎಷ್ಟು ಸಣ್ಣ ಸಂಖ್ಯೆ ಎಂಬುದನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಅರವತ್ತು ಮಕ್ಕಳಿದ್ದಾರೆ ಎನ್ನಿ. ಪ್ರತಿಯೊಬ್ಬರೂ ಒಂದು ರೂಪಾಯಿ ನಾಣ್ಯವನ್ನು ಹನ್ನೊಂದು ಸಲ ಚಿಮ್ಮಲಿ. ಹೆಡ್ ಬಿದ್ದರೆ ಗೆಲುವು, ಟೇಲ್ ಬಿದ್ದರೆ ಸೋಲು. ಒಟ್ಟು 2,048 ಬಗೆಯ ಫಲಿತಾಂಶಗಳು ಸಾಧ್ಯ. ಅವುಗಳಲ್ಲಿ 232ರಲ್ಲಿ ಹೆಡ್ ಬೀಳುವುದು ಮೂರು ಸಲ ಅಥವಾ ಅದಕ್ಕೂ ಕಡಿಮೆ. ಅಂದರೆ ಅರವತ್ತು ಮಕ್ಕಳಲ್ಲಿ ಆರೇಳು ಮಂದಿಯ ಲೆಕ್ಕಪುಸ್ತಕ ‘ದುರ್ಬಲ ತಂಡ’ದಂತೆ ಕಾಣುತ್ತದೆ. ಇನ್ನು ಆರೇಳು ಮಂದಿ ಎಂಟೋ ಒಂಬತ್ತೋ ‘ಗೆದ್ದು’ ಬೀಗುತ್ತಾರೆ. ನಾಣ್ಯಗಳೆಲ್ಲ ಒಂದೇ ಬಗೆಯವು.

ಹಾಗೆಂದು ಫುಟ್‌ಬಾಲ್ ನಾಣ್ಯ ಚಿಮ್ಮುವ ಆಟವಲ್ಲ. ಮೂವತ್ತು ನಲವತ್ತು ಅಂಕಗಳಿಂದ ಸೋತವನು ಅದೃಷ್ಟವನ್ನು ದೂರುವಂತಿಲ್ಲ. ಆದರೆ ಒಂದು, ಎರಡು, ಮೂರು ಅಂಕಗಳ ಸೋಲುಗಳಲ್ಲಿ ನಾಣ್ಯದ ಪಾಲು ದೊಡ್ಡದು. ಎಸೆದ ಚೆಂಡು ಅಂಗೈ ಅಗಲ ಆಚೆ ಹೋಗಿದ್ದರೆ ರಟ್ಗರ್ಸ್ ಪಂದ್ಯ ಬೀಮರ್‌ ಅವರದೇ. ಮೊದಲ ಕಿರುಪರೀಕ್ಷೆಯ ಅಂಕ ನೋಡಿ ಟ್ಯೂಷನ್ ಮೇಷ್ಟ್ರನ್ನು ಬದಲಾಯಿಸುವ ತಂದೆ ತಾಯಿಯರು ನಮ್ಮಲ್ಲೂ ಉಂಟು. ಎರಡನೆಯ ಪರೀಕ್ಷೆಯಲ್ಲಿ ಅಂಕ ಏರಿದರೆ ಹೊಸ ಮೇಷ್ಟ್ರಿಗೆ ಕೀರ್ತಿ. ಹಳೆಯ ಮೇಷ್ಟ್ರೇ ಇದ್ದಿದ್ದರೂ ಏರುತ್ತಿತ್ತೇನೋ. ಅದನ್ನು ಪರೀಕ್ಷಿಸಲು ಇನ್ನೊಂದು ಮಗುವಿಲ್ಲ, ಇನ್ನೊಂದು ವರ್ಷವಿಲ್ಲ.

ಬ್ಲ್ಯಾಕ್ಸ್‌ಬರ್ಗ್‌ನಲ್ಲಿ ನಿರ್ಧಾರ ಕ್ರೀಡಾ ನಿರ್ದೇಶಕ ಡೇವ್ ಬ್ರೇನ್ ಅವರ ಕೈಯಲ್ಲಿತ್ತು. ಅವರು ಬೀಮರ್ ಅವರನ್ನು ಉಳಿಸಿಕೊಂಡರು. ಆದರೆ ಬೆನ್ನು ತಟ್ಟಿ ‘ಮುಂದಿನ ವರ್ಷ ನೋಡೋಣ’ ಎಂದಷ್ಟೇ ಹೇಳಿ ಕಳಿಸಲಿಲ್ಲ. ಸಹಾಯಕರ ಬಳಗ ಬದಲಾಗಲೇಬೇಕು ಎಂದರು. ಬೀಮರ್ ಅವರಿಗೆ ಇದು ಸುಲಭದ ಮಾತಾಗಿರಲಾರದು, ಜೊತೆಗೆ ದುಡಿದವರನ್ನು ಕಳಿಸಬೇಕಿತ್ತು. ಕಳಿಸಿದರು. ರಕ್ಷಣೆಯ ಪಟುಗಳನ್ನು ಹಿಂದೆ ನಿಂತು ಕಾಯುವುದಕ್ಕೆ ಬದಲು ಮುನ್ನುಗ್ಗಿ ಆಡುವಂತೆ ಹೊಸದಾಗಿ ಜೋಡಿಸಲಾಯಿತು. ಆಟಗಾರರು ಬಹುಪಾಲು ಅವರೇ. 1992ರಲ್ಲಿ ಚೆಂಡು ಎಸೆಯುವ ಮುಖ್ಯ ಸ್ಥಾನದಲ್ಲಿದ್ದ ಮಾರಿಸ್ ಡಿಶಾಜೊ 1993ರಲ್ಲೂ ಅದೇ ಸ್ಥಾನದಲ್ಲಿದ್ದ.

1993ರಲ್ಲಿ ತಂಡ ಒಂಬತ್ತು ಪಂದ್ಯ ಗೆದ್ದಿತು, ಮೂರು ಸೋತಿತು. ಋತುವಿನ ಕೊನೆಗೆ ಒಳ್ಳೆಯ ತಂಡಗಳಿಗೆ ಮಾತ್ರ ಆಹ್ವಾನ ಬರುವ ‘ಬೌಲ್’ ಪಂದ್ಯಗಳಿರುತ್ತವೆ. ಅಂಥ ಒಂದು, ಲೂಯಿಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ನಡೆಯುವ ಇಂಡಿಪೆಂಡೆನ್ಸ್ ಬೌಲ್. ಅಲ್ಲಿ ಡಿಸೆಂಬರ್ 31ರಂದು ಇಂಡಿಯಾನಾ ತಂಡವನ್ನು 45-20ರಿಂದ ಮಣಿಸಿತು. 1995ರಲ್ಲಿ ಹತ್ತು ಗೆಲುವು, ಷುಗರ್ ಬೌಲ್‌ನಲ್ಲಿ ಟೆಕ್ಸಾಸ್ ವಿರುದ್ಧ ಜಯ. 1999ರಲ್ಲಿ ಒಂದೂ ಪಂದ್ಯ ಸೋಲದೆ ರಾಷ್ಟ್ರೀಯ ಚಾಂಪಿಯನ್ ಪಟ್ಟದ ಪಂದ್ಯಕ್ಕೇ ಹೋಯಿತು. 2000ದ ಜನವರಿ 4ರಂದು ಫ್ಲಾರಿಡಾ ಸ್ಟೇಟ್ ಎದುರು 46-29ರಿಂದ ಸೋತದ್ದು ಬೇರೆ ಮಾತು. ಏಳನೆಯ ವರ್ಷದಿಂದ ನಿವೃತ್ತಿಯವರೆಗೆ ಬೀಮರ್ ಅವರ ತಂಡ ಒಂದು ವರ್ಷವೂ ಬೌಲ್ ಪಂದ್ಯ ತಪ್ಪಿಸಿಕೊಳ್ಳಲಿಲ್ಲ.

ಕತೆ ಇಲ್ಲಿಗೆ ನಿಂತರೆ ‘ತಾಳಿದವನು ಬಾಳಿಯಾನು’ ಎಂದು ಹೇಳಿ ಎಲ್ಲರೂ ಎದ್ದು ಹೋಗಬಹುದು. ಆದರೆ ನೆಬ್ರಾಸ್ಕಾದವರೂ ತಾಳಿದ್ದರು.

ಸ್ಕಾಟ್ ಫ್ರಾಸ್ಟ್ ನೆಬ್ರಾಸ್ಕಾದ ಮನೆಮಗ. 1997ರಲ್ಲಿ ಆ ವಿಶ್ವವಿದ್ಯಾಲಯಕ್ಕೆ ಚಾಂಪಿಯನ್ ಪಟ್ಟ ತಂದ ತಂಡದ ಮುಖ್ಯ ಆಟಗಾರ. 2017ರಲ್ಲಿ ಸೆಂಟ್ರಲ್ ಫ್ಲಾರಿಡಾ ತಂಡಕ್ಕೆ ಕೋಚ್ ಆಗಿ 13 ಪಂದ್ಯಗಳಲ್ಲಿ 13 ಗೆಲ್ಲಿಸಿ ಊರಿಗೆ ಮರಳಿದರು. ಅಲ್ಲಿನ ಅಭಿಮಾನಿಗಳ ನಿಷ್ಠೆ ಎಂಥದೆಂದರೆ 1962ರಿಂದ ಅವರ ಮೈದಾನದ ಟಿಕೆಟ್ ಒಂದು ಪಂದ್ಯಕ್ಕೂ ಉಳಿದದ್ದಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವ ಜನ ಅವರಲ್ಲ. 2018ರಲ್ಲಿ ನಾಲ್ಕು ಗೆಲುವು, ಮರುವರ್ಷ ಐದು, ಆಮೇಲೆ ಮೂರು, 2021ರಲ್ಲಿ ಮತ್ತೆ ಮೂರು. 2021ರ ಒಂಬತ್ತು ಸೋಲುಗಳೂ ಹತ್ತಕ್ಕಿಂತ ಕಡಿಮೆ ಅಂಕಗಳ ಅಂತರದವು. ಬೀಮರ್ ಅವರ 1992ನ್ನು ನೆನಪಿಸುವ ಲೆಕ್ಕ. ‘ಇನ್ನು ಒಂದೇ ಮೆಟ್ಟಿಲು’ ಎಂದುಕೊಳ್ಳಲು ಎಲ್ಲ ಕಾರಣವೂ ಇತ್ತು. ಅಲ್ಲಿಯೂ ಕೋಚ್ ಅವರನ್ನು ಉಳಿಸಿಕೊಂಡರು, ಅಲ್ಲಿಯೂ ಸಹಾಯಕರನ್ನು ಬದಲಾಯಿಸಿದರು. 2022ರ ಸೆಪ್ಟೆಂಬರ್‌ನಲ್ಲಿ, ಮೂರನೆಯ ಪಂದ್ಯದಲ್ಲಿ ಜಾರ್ಜಿಯಾ ಸದರ್ನ್ ಎಂಬ ಕಡಿಮೆ ಹೆಸರಿನ ತಂಡದ ಎದುರು ಸ್ವಂತ ಮೈದಾನದಲ್ಲೇ ಸೋತ ಮರುದಿನ ಫ್ರಾಸ್ಟ್ ಅವರನ್ನು ತೆಗೆದುಹಾಕಲಾಯಿತು. ಅಕ್ಟೋಬರ್ 1ರವರೆಗೆ ಕಾದಿದ್ದರೆ ಕೊಡಬೇಕಾದ ಪರಿಹಾರ ಒಂದೂವರೆ ಕೋಟಿ ಡಾಲರಿನಿಂದ ಅರ್ಧಕ್ಕೆ ಇಳಿಯುತ್ತಿತ್ತು. ಅಷ್ಟೂ ಕಾಯಲಿಲ್ಲ. 16 ಗೆಲುವು, 31 ಸೋಲು.

ಹಾಗಾದರೆ ಅಭಿಮಾನಿಗೆ ಯಾವುದು ಯಾವುದೆಂದು ತಿಳಿಯುವುದು ಹೇಗೆ? ಅಂಕಪಟ್ಟಿಯಿಂದಂತೂ ತಿಳಿಯುವುದಿಲ್ಲ. ಸಣ್ಣ ಅಂತರದ ಸೋಲು ಒಂದು ವರ್ಷ ಬಂದರೆ ಅದನ್ನು ನಾಣ್ಯದ ಲೆಕ್ಕಕ್ಕೆ ಹಾಕಬಹುದು. ನಾಲ್ಕು ವರ್ಷ ಒಂದೇ ಬಗೆಯಲ್ಲಿ ಬಂದರೆ ನಾಣ್ಯವನ್ನು ತೂಗಿ ನೋಡಬೇಕಾಗುತ್ತದೆ. ಬೀಮರ್ 1989 ಮತ್ತು 1990ರಲ್ಲಿ ಆರಾರು ಪಂದ್ಯ ಗೆದ್ದು, ಸೋಲಿಗಿಂತ ಗೆಲುವು ಹೆಚ್ಚು ಎಂದು ತೋರಿಸಿದ್ದರು. 1992 ಆ ಸಾಲಿನಿಂದ ಕೆಳಗೆ ಜಾರಿದ ವರ್ಷ. ಫ್ರಾಸ್ಟ್ ಅವರಿಗೆ ಅಂಥ ಒಂದು ವರ್ಷವೂ ಇರಲಿಲ್ಲ. ವ್ಯತ್ಯಾಸ ಸಣ್ಣದು, ಆದರೆ ಕಣ್ಣಿಟ್ಟು ನೋಡುವವನಿಗೆ ಸಿಗುವುದು ಅಷ್ಟೇ.

ಕೋಚ್ ಬದಲಾಯಿಸಿದರೆ ಲಾಭವೇ ಎಂದು ಅಡ್ಲರ್, ಬೆರ್ರಿ ಮತ್ತು ಡೋಹರ್ಟಿ ಎಂಬ ಮೂವರು ಸಂಶೋಧಕರು ಕಾಲೇಜು ಫುಟ್‌ಬಾಲಿನ ಹಲವು ವರ್ಷಗಳ ದಾಖಲೆ ಹಿಡಿದು ಲೆಕ್ಕ ಹಾಕಿದರು. ವರದಿ 2013ರಲ್ಲಿ ಪತ್ರಿಕೆಯಲ್ಲಿ ಅಚ್ಚಾಯಿತು. ಕೋಚ್ ಬದಲಿಸಿದ ತಂಡವನ್ನು, ಅಷ್ಟೇ ಕಳಪೆಯಾಗಿ ಆಡಿಯೂ ಬದಲಿಸದ ತಂಡದ ಪಕ್ಕದಲ್ಲಿಟ್ಟು ನೋಡಿದ್ದು ಅದರ ವಿಶೇಷ. ತೀರ ಕೆಳಗಿದ್ದ ತಂಡಗಳಲ್ಲಿ ಬದಲಿಸಿದ್ದರಿಂದ ಹೇಳಿಕೊಳ್ಳುವ ವ್ಯತ್ಯಾಸವಾಗಲಿಲ್ಲ. ನಡುಮಟ್ಟದ ತಂಡಗಳಲ್ಲಿ ಬದಲಿಸಿದವರೇ ಮುಂದಿನ ವರ್ಷಗಳಲ್ಲಿ ಹಿಂದೆ ಬಿದ್ದರು. ಇದು ಸರಾಸರಿಯ ಮಾತು. ಯಾವೊಬ್ಬ ಕೋಚ್‌ನ ಹಣೆಬರಹವೂ ಇದರಲ್ಲಿಲ್ಲ.

ಈ ಲೆಕ್ಕವೂ ಹಳೆಯ ನಿಯಮಗಳ ಕಾಲದ್ದು. 2021ರಿಂದ ಆಟಗಾರರು ಒಂದು ವರ್ಷ ಕಾಯದೆ ಕಾಲೇಜು ಬದಲಾಯಿಸಬಹುದು, ಹೆಸರು ಮತ್ತು ಚಿತ್ರದಿಂದ ಹಣ ಗಳಿಸಬಹುದು. ಬಲಿತ ಹುಡುಗರನ್ನು ಹೊರಗಿನಿಂದ ಒಂದೇ ಬೇಸಿಗೆಯಲ್ಲಿ ತರಲು ಸಾಧ್ಯವಾಯಿತು. ಬೀಮರ್ 1993ರಲ್ಲಿ ಸೋಲಿಸಿದ ಅದೇ ಇಂಡಿಯಾನಾ 2023ರಲ್ಲಿ ಮೂರು ಪಂದ್ಯ ಗೆದ್ದಿತ್ತು. ಹೊಸ ಕೋಚ್ ಕರ್ಟ್ ಸಿಗ್ನೆಟಿ ಬಂದ ಮೊದಲ ವರ್ಷವೇ, 2024ರಲ್ಲಿ, ಹನ್ನೊಂದು ಗೆದ್ದಿತು. ತೆಂಗಿನ ತೋಟಕ್ಕೆ ಬೆಳೆದ ಮರಗಳನ್ನೇ ತಂದು ನೆಟ್ಟಂತೆ. ಇದನ್ನು ಕಂಡ ಮೇಲೆ ‘ಆರು ವರ್ಷ ಕಾಯಿರಿ’ ಎಂದು ಅಭಿಮಾನಿಗಳಿಗೆ ಯಾವ ಬಾಯಿಂದ ಹೇಳುವುದು? ಕಾಯಬೇಕಾದ ಕಾಲವೇ ಕಿರಿದಾಗಿದ್ದರೆ ತಾಳ್ಮೆ ಕಿರಿದಾದದ್ದನ್ನು ಪೂರ್ತಿ ಬೈಯುವಂತಿಲ್ಲ.

ಬೀಮರ್ ಅವರ ಕೊನೆಯ ನಾಲ್ಕು ವರ್ಷಗಳು ಸಾಧಾರಣವಾಗಿದ್ದವು. ಏಳು ಗೆಲುವು, ಎಂಟು ಗೆಲುವು, ಮತ್ತೆ ಏಳು, ಏಳು. ಹಳೆಯ ಗೊಣಗು ಮತ್ತೆ ಕೇಳಿಬಂತು. 2015ರ ನವೆಂಬರ್ 1ರಂದು ನಿವೃತ್ತಿ ಪ್ರಕಟಿಸಿದರು. ಡಿಸೆಂಬರ್ 26ರಂದು ಅವರ ಕಡೆಯ ಪಂದ್ಯ ನಡೆದದ್ದು ಅದೇ ಶ್ರೀವ್‌ಪೋರ್ಟ್‌ನಲ್ಲಿ, ಅದೇ ಇಂಡಿಪೆಂಡೆನ್ಸ್ ಬೌಲ್‌ನಲ್ಲಿ. ಟಲ್ಸಾ ವಿರುದ್ಧ 55-52ರ ಗೆಲುವು. 29 ವರ್ಷಗಳಲ್ಲಿ ವರ್ಜೀನಿಯಾ ಟೆಕ್‌ಗೆ 238 ಜಯ ತಂದುಕೊಟ್ಟಿದ್ದರು.

ಅವರ ಕುರ್ಚಿಗೆ ಬಂದ ಎರಡನೆಯವರು, ಅವರ ಬಳಿಯೇ ಹಿಂದೆ ಸಹಾಯಕರಾಗಿ ಕೆಲಸ ಕಲಿತಿದ್ದ ಬ್ರೆಂಟ್ ಪ್ರೈ. 2025ರ ಸೆಪ್ಟೆಂಬರ್‌ನಲ್ಲಿ, ನಾಲ್ಕನೆಯ ಋತುವಿನ ಮೊದಲ ಮೂರು ಪಂದ್ಯಗಳನ್ನು ಸೋತಾಗ ವಿಶ್ವವಿದ್ಯಾಲಯ ಅವರನ್ನು ಕಳಿಸಿಬಿಟ್ಟಿತು. ನವೆಂಬರ್‌ನಲ್ಲಿ ಆ ಜಾಗಕ್ಕೆ ಜೇಮ್ಸ್ ಫ್ರಾಂಕ್ಲಿನ್ ಅವರನ್ನು ಕರೆತಂದರು. ಆ ವರ್ಷದ ಜನವರಿಯಲ್ಲಿ ಪೆನ್ ಸ್ಟೇಟ್ ತಂಡವನ್ನು ರಾಷ್ಟ್ರೀಯ ಸೆಮಿಫೈನಲ್‌ವರೆಗೆ ಒಯ್ದು, ಅಕ್ಟೋಬರ್‌ನಲ್ಲಿ ಅಲ್ಲಿಂದ ಕೆಲಸ ಕಳೆದುಕೊಂಡಿದ್ದವರು ಅವರು.