ವಾಲ್ವ್ ಯಾರದ್ದು, ಖರ್ಚು ಯಾರದ್ದು?

ಡೊಂಬಿವಲಿಯ ಹಳೇ ಬಿಲ್ಡಿಂಗುಗಳಲ್ಲಿ ಇರುವವರಿಗೆ ಈ ಜಗಳ ಹೊಸದೇನಲ್ಲ. ಮೂರನೇ ಮಹಡಿಯ ನಮ್ಮ ಮನೆಗೆ ಬರುವ ನೀರಿನ ಮೇನ್ ವಾಲ್ವ್ ಕೆಟ್ಟಿತು. ಎಷ್ಟು ತಿರುಗಿಸಿದರೂ ನೀರು ನಿಲ್ಲುವುದಿಲ್ಲ, ಸಾಲದ್ದಕ್ಕೆ ಹಿಡಿಯ ಬುಡದಿಂದ ತೊಟತೊಟ ಸೋರಿಕೆ ಬೇರೆ. ಸೆಕ್ರೆಟರಿಗೆ ಹೇಳಿದರೆ ಒಂದೇ ಮಾತು: "ತುಮ್ಚಾ ವಾಲ್ವ್, ತುಮ್ಚಾ ಖರ್ಚ್."

ಪ್ಲಂಬರ್ ಕೇಳಿದ್ದು ಸಾಮಾನು, ಕೂಲಿ ಸೇರಿ ಒಂದೂವರೆ ಸಾವಿರ. ಕೊಟ್ಟು ಮುಗಿಸಬಾರದಾ ಅಂತ ಮನೆಯವಳು ಅಂದಳು. ನಾನು ಒಪ್ಪಲಿಲ್ಲ. ಯಾಕೆ ಅಂತ ಕೇಳಿ.

ಆ ವಾಲ್ವ್ ಇರುವುದು ನಮ್ಮ ಮನೆಯೊಳಗಲ್ಲ. ಬಚ್ಚಲಿನ ಹಿಂದಿನ ಡಕ್ಟಿನಲ್ಲಿ, ತಾರಸಿಯ ಟ್ಯಾಂಕಿಯಿಂದ ಇಳಿಯುವ ಪೈಪು ನಮ್ಮ ಮನೆಗೆ ಕವಲೊಡೆಯುವ ಜಾಗದಲ್ಲಿ. ಡಕ್ಟಿನ ಬೀಗದ ಕೈ ಸೊಸೈಟಿಯದ್ದು. ವಾಲ್ವ್ ಬದಲಿಸಬೇಕಾದರೆ ತಾರಸಿಯಲ್ಲಿ ಇಡೀ ಲೈನ್ ಬಂದ್ ಮಾಡಬೇಕು, ತಾರಸಿಯ ಕೀ ಕೂಡ ಅವರದ್ದೇ. ಮುಟ್ಟುವುದಕ್ಕೆ ಅವರ ಅನುಮತಿ ಬೇಕು, ಕೆಟ್ಟರೆ ಮಾತ್ರ ನನ್ನದು! ಇದ್ಯಾವ ನ್ಯಾಯ ಸ್ವಾಮೀ?

ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ 2014ರ ಮಾದರಿ ಬೈಲಾವನ್ನು ನಮ್ಮ ಸೊಸೈಟಿ ಒಪ್ಪಿಕೊಂಡಿದೆ. ಅದರ ಪ್ರಕಾರ ಹೊರಗಿನ ನೀರಿನ ಪೈಪು, ಪಂಪು, ಟ್ಯಾಂಕಿಗಳ ರಿಪೇರಿ ಸೊಸೈಟಿ ಖರ್ಚಿನಲ್ಲಿ, ಪಟ್ಟಿಯಲ್ಲಿ ಇಲ್ಲದ್ದು ಸದಸ್ಯನ ಖರ್ಚಿನಲ್ಲಿ. ಸೆಕ್ರೆಟರಿ ಎರಡನೇ ಸಾಲು ಮಾತ್ರ ಓದುತ್ತಾರೆ. ರಿಪೇರಿ ಫಂಡಿಗೆ ವರ್ಷಕ್ಕೆ ಫ್ಲ್ಯಾಟಿನ ನಿರ್ಮಾಣ ವೆಚ್ಚದ ಕನಿಷ್ಠ ಶೇ. 0.75 ವಸೂಲಿ ಮಾಡಬೇಕು ಅಂತಲೂ ಅದರಲ್ಲೇ ಇದೆ. ಆ ಸಾಲು ಮಾತ್ರ ಅವರಿಗೆ ಬಾಯಿಪಾಠ.

"ಅದರಿಂದ ಉಪಯೋಗ ನಿಮ್ಮ ಮನೆಗೆ ಮಾತ್ರವಲ್ಲ?" ಅಂತಾರೆ. ತಪ್ಪು. ನನ್ನ ಮನೆಯಲ್ಲಿ ಪೈಪು ಒಡೆದಾಗ ಈ ವಾಲ್ವ್ ಮುಚ್ಚಿದರೆ ಬಚಾವಾಗುವುದು ಕೆಳಗಿನ ಮನೆಯ ಸೀಲಿಂಗು. ಮುಚ್ಚದಿದ್ದರೆ ಇಡೀ ಲೈನಿನ ನಾಲ್ಕೂ ಮನೆಗೆ ನೀರಿಲ್ಲ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಮನೆಯ ಗಡಿಯ ಹೊರಗಿರುವ ವಾಲ್ವ್ ನೀರಿನ ಕಂಪನಿಯದ್ದು, ಮನೆಯೊಳಗಿನದ್ದು ಮಾಲಿಕನದ್ದು. ಗೆರೆ ಸ್ಪಷ್ಟ. ನಾನು ಕೇಳುವುದೂ ಅಷ್ಟೇ: ಗೋಡೆಯ ಹೊರಗಿನದ್ದು ಸೊಸೈಟಿಗೆ, ಒಳಗಿನದ್ದು ನನಗೆ. ಬಚ್ಚಲಿನ ನಲ್ಲಿ ಕೆಟ್ಟರೆ ನಾನು ಯಾರ ಬಾಗಿಲೂ ತಟ್ಟುವುದಿಲ್ಲ. ರಿನೋವೇಶನ್ ಮಾಡುವಾಗ ಯಾರಾದರೂ ಸುತ್ತಿಗೆ ಏಟಿಗೆ ವಾಲ್ವ್ ಒಡೆದರೆ ಅವರೇ ಕೊಡಲಿ. ನಮ್ಮದು ಹಾಗೆ ಕೆಟ್ಟದ್ದಲ್ಲ. ಹಳೇ ಗೇಟ್ ವಾಲ್ವ್, ವರ್ಷಗಟ್ಟಲೆ ಯಾರೂ ತಿರುಗಿಸದೆ ಒಳಗೆ ಕಿಟ್ಟ ಕಟ್ಟಿ ಹಿಡಿದುಕೊಂಡಿತ್ತು.

ಹೀಗೆ ಕಾನೂನು ಮಾತಾಡುತ್ತಾ ನಲವತ್ತು ದಿನ ಕಳೆಯಿತು. ಉಲ್ಹಾಸ್ ನದಿಯಿಂದ ಎತ್ತಿ, ಶುದ್ಧ ಮಾಡಿ, ನಮ್ಮ ತಾರಸಿಗೆ ಏರಿಸಿದ ನೀರು ಹಗಲೂ ರಾತ್ರಿ ಡಕ್ಟಿನಲ್ಲಿ ಇಳಿಯಿತು. ಒಂದು ದಿನ ಕೆಳಗಿನ ಮನೆಯ ಆಜಿ ಕರೆದರು. ಒಬ್ಬರೇ ಇರುವವರು, ಪೆನ್ಶನ್ ಮೇಲೆ ಜೀವನ. ಬಚ್ಚಲಿನ ಗೋಡೆ ಕಪ್ಪಾಗಿತ್ತು. ಗೀಸರಿನ ಸ್ವಿಚ್ ಮುಟ್ಟಿದರೆ ಜುಂ ಅನ್ನುತ್ತದೆ ಅಂತ ಒಲೆಯ ಮೇಲೆ ನೀರು ಕಾಯಿಸಿ ಹೊತ್ತುಕೊಂಡು ಹೋಗುತ್ತಿದ್ದರು. ನಾನೂ ಸೆಕ್ರೆಟರಿಯೂ ಬೈಲಾ ಓದುತ್ತಿದ್ದಾಗ ದಂಡ ಕಟ್ಟುತ್ತಿದ್ದದ್ದು ಅವರು.

ನಾಚಿಕೆಯಾಯಿತು. ಅವತ್ತೇ ದುಡ್ಡು ಕೊಟ್ಟು ಬಾಲ್ ವಾಲ್ವ್ ಹಾಕಿಸಿದೆ. ರಸೀದಿ ಇಟ್ಟುಕೊಂಡಿದ್ದೇನೆ, ಬಿಟ್ಟುಕೊಟ್ಟಿಲ್ಲ! ಮುಂದಿನ ಜನರಲ್ ಬಾಡಿಗೆ ಪತ್ರವನ್ನೂ ಕೊಟ್ಟಾಗಿದೆ: ಡಕ್ಟಿನ ವಾಲ್ವ್‌ಗಳೆಲ್ಲ ಸೊಸೈಟಿಯದ್ದು ಅಂತ ಠರಾವು ಆಗಬೇಕು, ಆರು ತಿಂಗಳಿಗೊಮ್ಮೆ ಅವನ್ನು ತಿರುಗಿಸಿ ನೋಡಬೇಕು, ಸೋರಿದರೆ ಮೊದಲು ಫಂಡಿನಿಂದ ರಿಪೇರಿ, ಜಗಳ ಆಮೇಲೆ.

ಠಾಣೆ, ಕಲ್ಯಾಣ್, ವಾಶಿಯಲ್ಲಿ ಇರುವವರೇ, ಈ ಭಾನುವಾರ ನಿಮ್ಮ ಡಕ್ಟಿಗೊಮ್ಮೆ ಇಣುಕಿ ನೋಡಿ. ವಾಲ್ವ್ ಯಾರದ್ದು ಅಂತ ಸೋರುವ ಮೊದಲೇ ಬರೆಸಿಕೊಳ್ಳಿ. ಸೋರಲು ಶುರುವಾದ ಮೇಲೆ ನೀರು ಯಾರ ಬೈಲಾನೂ ಓದುವುದಿಲ್ಲ.