ಸಹಾಯಾರ್ಥ ಕಚೇರಿಯೂ ಪಕ್ಕವಾದ್ಯದವರ ಸಂಭಾವನೆಯೂ

ರೋಗಿಗಳ ನೆರವಿಗಾಗಿ ಏರ್ಪಡುವ ಸಂಗೀತ ಕಚೇರಿಗಳಲ್ಲಿ ಯಾವ ವಿದ್ವಾಂಸನೂ ಸಂಭಾವನೆಯ ಮಾತೆತ್ತಕೂಡದೆಂದು ವಾದಿಸುವವರುಂಟು. ವಿದ್ಯೆಯು ಸರಸ್ವತಿಯ ಪ್ರಸಾದ, ಅದನ್ನು ದೀನರಿಗಾಗಿ ವಿನಿಯೋಗಿಸುವಾಗ ಹಣವೆಣಿಸುವುದು ಅಲ್ಪತನ ಎಂಬುದು ಅವರ ಪೂರ್ವಪಕ್ಷ. ಕಿವಿಗೆ ಇಂಪಾದ ಈ ಮಾತು ವಿಚಾರದ ಮುಂದೆ ನಿಲ್ಲತಕ್ಕುದಲ್ಲ.

ಈ ವಿಷಯದಲ್ಲಿ ಪಾಶ್ಚಾತ್ಯ ಸಂಗೀತದ ಮಹಾಚಾರ್ಯನಾದ ಹ್ಯಾಂಡೆಲನ ನಡತೆ ಪ್ರಮಾಣಯೋಗ್ಯವಾದುದು. ಅವನ ‘ಮೆಸ್ಸಾಯ’ ಎಂಬ ಗೇಯಪ್ರಬಂಧವನ್ನು 1742ನೆಯ ಇಸವಿ ಏಪ್ರಿಲ್ 13ರಂದು ಡಬ್ಲಿನ್ ನಗರದಲ್ಲಿ ಮೊತ್ತಮೊದಲು ಹಾಡಿದುದೇ ಮರ್ಸರ್ ಆಸ್ಪತ್ರೆ, ಬಡವರ ಚಿಕಿತ್ಸಾಲಯ, ಸಾಲಕ್ಕಾಗಿ ಸೆರೆಬಿದ್ದವರ ಬಿಡುಗಡೆ, ಈ ಮೂರಕ್ಕೆ ನೆರವಾಗಲೆಂದು. ಸ್ಥಳ ಸಾಲದೆ, ಗಂಡಸರು ಕತ್ತಿಯನ್ನೂ ಹೆಂಗಸರು ಬಳೆಗಟ್ಟಿದ ಅಗಲ ಲಂಗವನ್ನೂ ಬಿಟ್ಟು ಬರಬೇಕೆಂದು ಪ್ರಕಟಿಸಬೇಕಾಯಿತು. ಬಂದ ಹಣದಿಂದ 142 ಮಂದಿ ಸಾಲಗಾರರು ಸೆರೆಯಿಂದ ಹೊರಬಂದರು. ಮುಂದೆ 1750ರಿಂದ ಲಂಡನ್ನಿನ ಪರಿತ್ಯಕ್ತ ಶಿಶುಗಳ ಪೋಷಣಾಲಯಕ್ಕಾಗಿ ಅದೇ ಕೃತಿಯನ್ನು ಹ್ಯಾಂಡೆಲನು ವರ್ಷವರ್ಷವೂ ನಡೆಸಿದನು. ತಾನು ಕಾಸನ್ನೂ ಮುಟ್ಟಲಿಲ್ಲ. ಆದರೆ 1754ರ ಪ್ರಯೋಗದ ಲೆಕ್ಕದ ಪಟ್ಟಿ ಉಳಿದುಬಂದಿದೆ. ಅದರಲ್ಲಿ ವಾದ್ಯಗಾರರಿಗೆ ಹೆಸರು ಹೆಸರಾಗಿ ಸಂಭಾವನೆ ಸಂದಿದೆ. ದಾನಿಯು ತನ್ನದನ್ನು ಕೊಟ್ಟನೇ ಹೊರತು ಪರರದನ್ನು ಕೊಡಲಿಲ್ಲ. ಧರ್ಮದ ತಿರುಳು ಇದೇ ಅಲ್ಲವೆ?

ಭಾರತದಲ್ಲಿಯೂ ಇಂಥ ಔದಾರ್ಯಕ್ಕೆ ಕೊರತೆಯಿಲ್ಲ. ಎಂ. ಎಸ್. ಸುಬ್ಬುಲಕ್ಷ್ಮಿಯವರು 1944ರಲ್ಲಿ ಕಸ್ತೂರಬಾ ಸ್ಮಾರಕನಿಧಿಗಾಗಿ ಹಾಡಿದರು. ಕಚೇರಿಗಳ ಗಳಿಕೆಯನ್ನು ಅನೇಕ ಲೋಕೋಪಕಾರ ಕಾರ್ಯಗಳಿಗೆ ಧಾರೆಯೆರೆದರು. 1974ರಲ್ಲಿ ಅವರಿಗೆ ಸಂದ ಮ್ಯಾಗ್ಸೇಸೆ ಪ್ರಶಸ್ತಿಯು ಸಾರ್ವಜನಿಕ ಸೇವೆಗಾಗಿ ಸಂದುದು. ಅಂಥವರು ಕೊಡುವುದು ತಮ್ಮ ಕೀರ್ತಿಯ ಫಲವನ್ನು. ಹಿಂದೆ ಕುಳಿತು ಮೃದಂಗವನ್ನೋ ಘಟವನ್ನೋ ನುಡಿಸುವವನಿಗೆ ಆ ಕೀರ್ತಿಯೆಲ್ಲಿ? ಅವನ ಮನೆಯ ಅಕ್ಕಿಯು ಆ ಸಂಜೆಯ ಸಂಭಾವನೆಯಿಂದಲೇ ಬರತಕ್ಕುದು. ಒಬ್ಬ ಬಡವನ ಔಷಧಕ್ಕಾಗಿ ಇನ್ನೊಬ್ಬ ಬಡವನ ಅನ್ನವನ್ನು ಕಸಿಯುವುದು ದಾನವೆನಿಸದು.

ಇನ್ನು ರಸಿಕರ ಮಾತು. ಕಲಾವಿದನ ತ್ಯಾಗವನ್ನು ಗಟ್ಟಿಯಾಗಿ ಹೊಗಳುವವರೇ ಉಚಿತ ಪ್ರವೇಶದ ಚೀಟಿ ಹಿಡಿದು ಮುಂದಿನ ಸಾಲಿನಲ್ಲಿ ಕೂರುವರು. ಭಾಷಣ, ಹಾರ, ಶಾಲುಗಳ ವೆಚ್ಚವೆಲ್ಲ ಆಸ್ಪತ್ರೆಯ ಪಾಲಿನಿಂದಲೇ ಕಳೆಯುವುದು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ಆದುದರಿಂದ ಸಹಾಯಾರ್ಥ ಕಚೇರಿಯನ್ನು ಏರ್ಪಡಿಸುವ ಸಭೆಗಳು ಪಕ್ಕವಾದ್ಯದವರಿಗೆ ಮೊದಲು ಸಲ್ಲಿಸಲಿ. ಅಧ್ಯಕ್ಷರಿಂದ ಮೊದಲ್ಗೊಂಡು ಸರ್ವರೂ ಹಣ ತೆತ್ತು ಒಳಗೆ ಬರಲಿ. ಆಸ್ಪತ್ರೆಗೆ ಸಂದುದೆಷ್ಟೆಂಬುದನ್ನು ಲೆಕ್ಕ ಸಮೇತ ಪ್ರಕಟಿಸಲಿ. ಹಾಡುವವನ ತ್ಯಾಗಕ್ಕೆ ಕೇಳುವವನ ತ್ಯಾಗವೂ ಕೂಡಿದಾಗಲೇ ರೋಗಿಯ ಹಾಸಿಗೆಯವರೆಗೆ ಔಷಧವು ತಲಪೀತು.