ಲೋ ಬಿ.ಪಿ.ಗೆ ಬಾಳೆಹಣ್ಣು ಕಾರಣವೇ?

ಬಾಳೆಹಣ್ಣು ಬಿ.ಪಿ. ಇಳಿಸುತ್ತದೆ ಎಂಬ ಮಾತು ಈಗ ಮನೆಮನೆಗೂ ತಲುಪಿದೆ. ಅದರ ಬೆನ್ನಿಗೇ ಇನ್ನೊಂದು ಮಾತೂ ಹೊರಟಿದೆ: ಮೊದಲೇ ಬಿ.ಪಿ. ಕಡಿಮೆ ಇರುವವರು ಬಾಳೆಹಣ್ಣು ಮುಟ್ಟಬಾರದು. ಊಟವಾದ ಮೇಲೆ ಒಂದು ಏಲಕ್ಕಿ ಬಾಳೆ ತಿನ್ನುತ್ತಿದ್ದ ಎಷ್ಟೋ ಹಿರಿಯರು ಈ ಮಾತು ಕೇಳಿಯೇ ಅದನ್ನು ಬಿಟ್ಟಿದ್ದಾರೆ. ಇನ್ನು ಕೆಲವರದು ಇದಕ್ಕೆ ತದ್ವಿರುದ್ಧ. ತಲೆ ಸುತ್ತು ಬಂದರೆ ಶಕ್ತಿ ಬರಲೆಂದು ಎರಡು ಹಣ್ಣು ತಿಂದು ಮಲಗಿಬಿಡುತ್ತಾರೆ. ಇಬ್ಬರ ಗಮನವೂ ಹಣ್ಣಿನ ಮೇಲೆಯೇ. ರಕ್ತದೊತ್ತಡ ಇಳಿದದ್ದು ಯಾಕೆ ಎಂದು ಯಾರೂ ಕೇಳುವುದಿಲ್ಲ. ನನ್ನ ಕಳವಳ ಇರುವುದು ಅಲ್ಲಿ.

ಹಣ್ಣಿನಲ್ಲಿ ಏನಿದೆ ಎಂಬುದನ್ನು ಮೊದಲು ನೋಡೋಣ. ಸಿಪ್ಪೆ ಸುಲಿದ 100 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 350 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಸೋಡಿಯಂ ಒಂದು ಮಿಲಿಗ್ರಾಂನಷ್ಟು ಮಾತ್ರ. ಒಂದು ಮಧ್ಯಮ ಗಾತ್ರದ ಪಚ್ಚಬಾಳೆ ಹೆಚ್ಚುಕಡಿಮೆ ಇಷ್ಟು ತೂಗುತ್ತದೆ. ಏಲಕ್ಕಿ ಬಾಳೆಯದು ಇದಕ್ಕಿಂತ ತುಂಬ ಕಡಿಮೆ ತೂಕ. ವಯಸ್ಕರಿಗೆ ದಿನಕ್ಕೆ ಕನಿಷ್ಠ 3,510 ಮಿಲಿಗ್ರಾಂ ಪೊಟ್ಯಾಸಿಯಂ ಸಿಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಹೇಳಿದೆ. ಹಾಗೆ ನೋಡಿದರೆ ಒಂದು ಪಚ್ಚಬಾಳೆಯಿಂದ ಸಿಗುವುದು ದಿನದ ಅಗತ್ಯದ ಹತ್ತನೇ ಒಂದು ಪಾಲು. ರಾಗಿ, ಬೇಳೆ, ಆಲೂಗಡ್ಡೆ, ಸೊಪ್ಪು, ಎಳನೀರು ಎಲ್ಲದರಲ್ಲೂ ಪೊಟ್ಯಾಸಿಯಂ ಧಾರಾಳವಾಗಿದೆ. 100 ಗ್ರಾಂ ರಾಗಿಯಲ್ಲಿ 400 ಮಿಲಿಗ್ರಾಂಗೂ ಹೆಚ್ಚು ಇರುತ್ತದೆ. ಆದರೂ ಮುದ್ದೆ ಉಂಡು ಬಿ.ಪಿ. ಬಿತ್ತು ಎಂದವರನ್ನು ನಾನಂತೂ ಕಂಡಿಲ್ಲ.

ಪೊಟ್ಯಾಸಿಯಂ ರಕ್ತದೊತ್ತಡವನ್ನು ಇಳಿಸುವುದು ನಿಜ. ಅದು ಹೆಚ್ಚಾದಾಗ ಮೂತ್ರಪಿಂಡಗಳು ಸೋಡಿಯಂ ಅನ್ನು ಹೆಚ್ಚು ಹೊರಹಾಕುತ್ತವೆ, ಅದರ ಜೊತೆ ಒಂದಿಷ್ಟು ನೀರೂ ಹೋಗುತ್ತದೆ. ರಕ್ತನಾಳದ ಗೋಡೆಯ ಸ್ನಾಯುಗಳೂ ಕೊಂಚ ಸಡಿಲಗೊಳ್ಳುತ್ತವೆ. ಆದರೆ ಈ ಪರಿಣಾಮ ಎಲ್ಲರಲ್ಲೂ ಒಂದೇ ಸಮ ಇರುವುದಿಲ್ಲ. ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಸಮೀಕ್ಷೆಯೊಂದು 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಪೊಟ್ಯಾಸಿಯಂ ಹೆಚ್ಚಿಸಿದಾಗ ಅಧಿಕ ರಕ್ತದೊತ್ತಡ ಇದ್ದವರಲ್ಲಿ ಒತ್ತಡ ಇಳಿಯಿತು, ಇಲ್ಲದವರಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ.

ನಮ್ಮ ಮಣಿಪಾಲದಲ್ಲಿ ನಡೆದ ಒಂದು ಪ್ರಯೋಗವನ್ನೂ ಇಲ್ಲಿ ನೆನೆಯಬೇಕು. ಚಳಿ ತಾಕಿದಾಗ ರಕ್ತನಾಳಗಳು ಬಿಗಿದು ಒತ್ತಡ ಏರುತ್ತದೆ. ಆರೋಗ್ಯವಂತರನ್ನು ಹೀಗೆ ಚಳಿಗೆ ಒಡ್ಡಿ, ಬಾಳೆಹಣ್ಣು ತಿಂದಾಗ ಏನಾಗುತ್ತದೆ ಎಂದು ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಸಂಶೋಧಕರು ನೋಡಿದರು. ವರದಿ 1999ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಪ್ರಕಟವಾಯಿತು. ಹಣ್ಣು ತಿಂದಾಗ ಒತ್ತಡದ ಏರಿಕೆ ಕಡಿಮೆಯಾಗಿತ್ತು. ಬಾಳೆಹಣ್ಣು ಬಿ.ಪಿ.ಗೆ ಒಳ್ಳೆಯದು ಎನ್ನುವವರು ಇಂಥ ಅಧ್ಯಯನಗಳನ್ನೇ ತೋರಿಸುತ್ತಾರೆ. ಆದರೆ ಹಣ್ಣು ಅಲ್ಲಿ ತಗ್ಗಿಸಿದ್ದು ಏರುತ್ತಿದ್ದ ಒತ್ತಡವನ್ನು. ಅದನ್ನು ಹಿಡಿದು, ಇಳಿದೇ ಇರುವ ಒತ್ತಡವನ್ನು ಹಣ್ಣು ಇನ್ನಷ್ಟು ಕೆಳಕ್ಕೆ ತಳ್ಳುತ್ತದೆ ಎನ್ನಲು ಬರುವುದಿಲ್ಲ. ದೇಹವೇನು ತಕ್ಕಡಿಯಲ್ಲ, ಒಂದು ಕಡೆ ತೂಕ ಇಟ್ಟ ಕೂಡಲೇ ವಾಲಿಬಿಡಲು. ಕತ್ತಿನ ರಕ್ತನಾಳದಲ್ಲಿರುವ ನರತುದಿಗಳು ಒತ್ತಡ ತುಸು ಇಳಿದರೂ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಕ್ಷಣಾರ್ಧದಲ್ಲಿ ಹೃದಯದ ಬಡಿತ ಹೆಚ್ಚುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಮೂತ್ರಪಿಂಡಗಳೂ ನಿಧಾನವಾಗಿ ಉಪ್ಪು, ನೀರನ್ನು ಹಿಡಿದಿಡುತ್ತವೆ.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಔಷಧಿ ಅಂಗಡಿಯಲ್ಲೇ ಇದೆ. ವಾಂತಿಭೇದಿಯಿಂದ ನಿತ್ರಾಣಗೊಂಡವರಿಗೆ ಕೊಡುವ ಓ.ಆರ್.ಎಸ್. ಪೊಟ್ಟಣದ ಹಿಂಬದಿಯನ್ನು ಓದಿ. ಒಂದು ಲೀಟರಿಗೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ. ಆ ಒಂದೂವರೆ ಗ್ರಾಂನಲ್ಲಿರುವ ಪೊಟ್ಯಾಸಿಯಂ ಸುಮಾರು 780 ಮಿಲಿಗ್ರಾಂ, ಹೆಚ್ಚುಕಡಿಮೆ ಎರಡು ಪಚ್ಚಬಾಳೆಯಷ್ಟು. ನೀರು ಬತ್ತಿ ಕುಸಿದ ದೇಹವನ್ನು ಮೇಲೆತ್ತಲು ಜಗತ್ತೆಲ್ಲ ನಂಬಿರುವ ದ್ರಾವಣದಲ್ಲೇ ಪೊಟ್ಯಾಸಿಯಂ ಇದೆ. ಭೇದಿಯಲ್ಲಿ ಅದೂ ನಷ್ಟವಾಗುವುದರಿಂದ ತುಂಬಿಕೊಡಬೇಕಾಗುತ್ತದೆ. ಆದರೆ ಅಲ್ಲಿ ಒತ್ತಡವನ್ನು ಎತ್ತುವುದು ನೀರು ಮತ್ತು ಸೋಡಿಯಂ, ಅವನ್ನು ಕರುಳಿನಿಂದ ಒಳಕ್ಕೆ ಕರೆದೊಯ್ಯುವುದು ಗ್ಲೂಕೋಸ್. ಬಾಳೆಹಣ್ಣಿನಲ್ಲಿ ಸಕ್ಕರೆ ಇದೆ, ಪೊಟ್ಯಾಸಿಯಂ ಇದೆ, ಸೋಡಿಯಂ ಇಲ್ಲವೆಂದೇ ಹೇಳಬೇಕು. ಹಾಗಾಗಿ ಲೋ ಬಿ.ಪಿ.ಗೆ ಅದು ಮದ್ದೂ ಅಲ್ಲ.

ಏಕಾದಶಿಯ ಒಂದು ದಿನವನ್ನು ನೋಡಿ. ಎಪ್ಪತ್ತು ದಾಟಿದ ಅಜ್ಜಿ ಬೆಳಿಗ್ಗೆ ಎಂದಿನಂತೆ ಬಿ.ಪಿ. ಮಾತ್ರೆ ನುಂಗಿರುತ್ತಾರೆ. ಅನ್ನವಿಲ್ಲ, ಸಾರಿಲ್ಲ, ಉಪ್ಪು ಹಾಕಿದ್ದು ಯಾವುದೂ ಇಲ್ಲ. ಒಂದು ಲೋಟ ಹಾಲು, ಎರಡು ಬಾಳೆಹಣ್ಣು. ನೀರೂ ಅಷ್ಟಕ್ಕಷ್ಟೆ. ದೇವರ ಮುಂದೆ ಬಹಳ ಹೊತ್ತು ಕೂತಿದ್ದು ಮಂಗಳಾರತಿಗೆಂದು ಏಳುತ್ತಾರೆ, ಕಣ್ಣು ಕತ್ತಲೆ ಬರುತ್ತದೆ, ಗೋಡೆ ಹಿಡಿದು ನಿಲ್ಲುತ್ತಾರೆ. ತಿಂದದ್ದು ಬಾಳೆಹಣ್ಣೊಂದೇ ಆದ್ದರಿಂದ ತಪ್ಪೂ ಅದರ ತಲೆಗೇ ಬರುತ್ತದೆ. ಎದ್ದು ನಿಂತಾಗ ಯಾರಿಗೇ ಆಗಲಿ ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು ರಕ್ತ ಕಾಲು ಮತ್ತು ಹೊಟ್ಟೆಯ ಕಡೆಗೆ ಇಳಿಯುತ್ತದೆ. ಅದನ್ನು ಮೇಲಕ್ಕೆ ಕಳಿಸುವ ನರಗಳ ಚುರುಕು ವಯಸ್ಸಾದಂತೆ ತಗ್ಗುತ್ತದೆ. ಅದರ ಮೇಲೆ ನೀರು, ಉಪ್ಪು ಕಡಿಮೆಯಾಗಿ, ಮಾತ್ರೆಯೂ ತನ್ನ ಕೆಲಸ ಮಾಡುತ್ತಿದ್ದರೆ ತಲೆ ಸುತ್ತದೆ ಇರುತ್ತದೆಯೇ? ಅಜ್ಜಿ ಮುಂದಿನ ಏಕಾದಶಿಗೆ ಬಾಳೆಹಣ್ಣು ಬಿಟ್ಟರೆ ಹೊಟ್ಟೆ ಇನ್ನಷ್ಟು ಖಾಲಿಯಾದೀತು. ಉಪವಾಸದ ದಿನ ಮಾತ್ರೆ ಹೇಗೆ ತೆಗೆದುಕೊಳ್ಳಬೇಕು ಎಂದು ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳುವುದು ಅವರಿಗೆ ನಿಜವಾದ ಉಪಕಾರ.

ಊಟವಾದ ಮೇಲೆ ಒತ್ತಡ ಇಳಿಯುವುದೂ ಉಂಟು. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯಿಂದ ನರಗಳು ಸೊರಗಿದವರಲ್ಲಿ, ಪಾರ್ಕಿನ್ಸನ್ ಕಾಯಿಲೆಯವರಲ್ಲಿ ಇದು ಹೆಚ್ಚು. ಅನ್ನ, ಸಿಹಿ ತುಂಬಿದ ಭಾರಿ ಊಟವಾದರೆ ರಕ್ತ ಕರುಳಿನ ಕಡೆ ಹರಿದು, ಎರಡು ಗಂಟೆಯೊಳಗೆ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿಯಬಹುದು. ಹಬ್ಬದೂಟದ ಕೊನೆಗೆ ಬೆಲ್ಲ ಹಾಕಿದ ಬಾಳೆಹಣ್ಣಿನ ರಸಾಯನ ಬಟ್ಟಲುಗಟ್ಟಲೆ ತಿಂದವರಿಗೆ ಮಂಪರು ಹತ್ತಿದರೆ ಇಡೀ ಊಟದ ಲೆಕ್ಕ ನೋಡಬೇಕು. ಇಂಥವರು ಕಡಿಮೆ ಕಡಿಮೆಯಾಗಿ ಹಲವು ಸಲ ಉಣ್ಣುವುದು, ನೀರಿಗೆ ಪಥ್ಯವಿಲ್ಲದಿದ್ದರೆ ಊಟಕ್ಕೆ ಮೊದಲು ಒಂದು ದೊಡ್ಡ ಲೋಟ ನೀರು ಕುಡಿಯುವುದು ಒಳ್ಳೆಯದು.

ಇಷ್ಟಾದರೂ ಬಾಳೆಹಣ್ಣಿನ ಬಗ್ಗೆ ನಿಜಕ್ಕೂ ಎಚ್ಚರ ವಹಿಸಬೇಕಾದ ಕೆಲವು ಲೋ ಬಿ.ಪಿ.ಯವರಿದ್ದಾರೆ. ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಥಾಮಸ್ ಅಡಿಸನ್ 1855ರಲ್ಲಿ ಒಂದು ಕಾಯಿಲೆಯನ್ನು ವಿವರಿಸಿದರು. ಮೈ ಕಪ್ಪಾಗುತ್ತದೆ, ತೂಕ ಇಳಿಯುತ್ತದೆ, ಕೈಕಾಲು ಸೋಲುತ್ತವೆ. ಎಷ್ಟೋ ರೋಗಿಗಳಿಗೆ ಉಪ್ಪು ತಿನ್ನುವ ಆಸೆ ಹೆಚ್ಚುತ್ತದೆ. ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಹಾಳಾಗುವುದೇ ಮೂಲ. ಸೋಡಿಯಂ ಅನ್ನು ಉಳಿಸಿಕೊಂಡು ಪೊಟ್ಯಾಸಿಯಂ ಅನ್ನು ಹೊರಗಟ್ಟುವ ಹಾರ್ಮೋನು ಈ ಗ್ರಂಥಿಗಳಲ್ಲೇ ತಯಾರಾಗುತ್ತದೆ. ಅದು ಇಲ್ಲವಾದರೆ ಉಪ್ಪು, ನೀರು ಹೊರಹೋಗಿ ಒತ್ತಡ ಬೀಳುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಹಾರ್ಮೋನು ಮಾತ್ರೆಗಳು ಇಲ್ಲದಿದ್ದ 1930ರ ದಶಕದಲ್ಲಿ ಹೆಚ್ಚು ಉಪ್ಪು, ಕಡಿಮೆ ಪೊಟ್ಯಾಸಿಯಂ ಇರುವ ಆಹಾರವೇ ಈ ರೋಗಿಗಳಿಗೆ ಚಿಕಿತ್ಸೆಯ ಭಾಗವಾಗಿತ್ತು. ಕ್ಷಯರೋಗ ಈ ಗ್ರಂಥಿಗಳನ್ನು ತಿಂದುಹಾಕುವುದು ನಮ್ಮ ದೇಶದಲ್ಲಿ ಇವತ್ತಿಗೂ ಇದೆ.

ಮೂತ್ರಪಿಂಡ ಸೋತವರದೂ ಎಚ್ಚರಿಕೆಯ ಪ್ರಕರಣವೇ. ಹೃದಯದ ಪಂಪ್ ದುರ್ಬಲವಾಗಿ ಸ್ಪಿರೊನೊಲ್ಯಾಕ್ಟೋನ್, ರಾಮಿಪ್ರಿಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಒತ್ತಡ ಕಡಿಮೆ ಇರುವಾಗಲೇ ಪೊಟ್ಯಾಸಿಯಂ ಏರಬಹುದು. ರಕ್ತದಲ್ಲಿ ಅದು ಲೀಟರಿಗೆ 3.5ರಿಂದ 5 ಮಿಲಿಮೋಲ್‌ನೊಳಗೆ ಇರಬೇಕು. ತೀರಾ ಮೇಲೆ ಹೋದರೆ ಹೃದಯದ ಬಡಿತವೇ ತಪ್ಪುತ್ತದೆ. ಇಂಥವರಿಗೆ ಎಳನೀರು, ಹಣ್ಣಿನ ರಸ, ಸೋಡಿಯಂ ಕಡಿಮೆಯೆಂದು ಮಾರುವ ಪೊಟ್ಯಾಸಿಯಂ ಬೆರೆತ ಉಪ್ಪು ಎಲ್ಲದರಲ್ಲೂ ಅಪಾಯವಿದೆ. ಬಾಳೆಹಣ್ಣೊಂದನ್ನು ಬಿಟ್ಟು ಎಳನೀರು ಕುಡಿದರೆ ಪಥ್ಯ ಮಾಡಿದಂತಾಗುವುದಿಲ್ಲ. ಎಷ್ಟು ತಿನ್ನಬಹುದು ಎಂಬುದನ್ನು ರಕ್ತಪರೀಕ್ಷೆಯ ಅಂಕಿ ನೋಡಿ ವೈದ್ಯರೇ ಹೇಳಬೇಕು.

ಉಳಿದವರು ಮಾಡಬೇಕಾದ್ದು ಸರಳ. 90/60ಕ್ಕಿಂತ ಕಡಿಮೆ ಅಂಕಿಯನ್ನು ಲೋ ಬಿ.ಪಿ. ಎನ್ನುವುದು ವಾಡಿಕೆ. ಆ ಆಸುಪಾಸಿನಲ್ಲೇ ಇದ್ದು, ಯಾವ ತೊಂದರೆಯೂ ಇಲ್ಲದೆ ಓಡಾಡಿಕೊಂಡಿರುವ ಯುವತಿಯರು ಬೇಕಾದಷ್ಟಿದ್ದಾರೆ. ಅವರಿಗೆ ಪಥ್ಯ ಬೇಡ, ಹೆದರಿಕೆಯೂ ಬೇಡ. ತಲೆ ಸುತ್ತುವವರು ಐದು ನಿಮಿಷ ಮಲಗಿ ಬಿ.ಪಿ. ನೋಡಿಸಿಕೊಳ್ಳಲಿ, ಎದ್ದು ನಿಂತ ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಮತ್ತೆ ನೋಡಿಸಿಕೊಳ್ಳಲಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಆ ಚೀಟಿಯನ್ನೂ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ವೈದ್ಯರ ಮುಂದೆ ಇಡಲಿ. ಪ್ರಾಸ್ಟೇಟ್ ತೊಂದರೆಗೆ ಕೊಟ್ಟ ಮಾತ್ರೆಯೂ ಒತ್ತಡ ಇಳಿಸಬಲ್ಲದು. ಮಲ ಟಾರಿನಂತೆ ಕಪ್ಪಗಿದ್ದರೆ, ಎದೆನೋವಿದ್ದರೆ, ಪ್ರಜ್ಞೆ ತಪ್ಪಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಒಳಗೆಲ್ಲೋ ರಕ್ತಸ್ರಾವವಾಗುತ್ತಿರಬಹುದು, ಹೃದಯಕ್ಕೇ ಪೆಟ್ಟಾಗಿರಬಹುದು.

ಹಲ್ಲು ಹೋದವರೂ ತಿನ್ನಬಲ್ಲ, ಬಡವರ ಕೈಗೂ ಎಟಕುವ ಹಣ್ಣು ನಮ್ಮಲ್ಲಿ ಬೇರೆ ಹೆಚ್ಚಿಲ್ಲ. ಕಾರಣವಿಲ್ಲದೆ ಅದನ್ನು ಹಿರಿಯರ ತಟ್ಟೆಯಿಂದ ತೆಗೆಯುವುದು ಅನ್ಯಾಯ. ಅದಕ್ಕಿಂತ ದೊಡ್ಡ ಅನ್ಯಾಯ, ಹಣ್ಣು ನಿಲ್ಲಿಸಿದೆವಲ್ಲ ಎಂಬ ಸಮಾಧಾನದಲ್ಲಿ ಕಾಯಿಲೆಯನ್ನು ಹುಡುಕದೆ ಬಿಡುವುದು. ಬಾಳೆಹಣ್ಣು ತಿನ್ನಬಹುದೇ ಎಂದು ಕೇಳುವ ಮೊದಲು ಬಿ.ಪಿ. ಇಳಿಯುತ್ತಿರುವುದು ಯಾಕೆ ಎಂದು ಕೇಳಿ. ಅದಕ್ಕೆ ಉತ್ತರ ಸಿಕ್ಕರೆ ಹಣ್ಣಿನ ಪ್ರಶ್ನೆಗೂ ಉತ್ತರ ಸಿಕ್ಕಂತೆಯೇ.